ಕ್ಯೂ ಉದ್ಯಾನದ ಗಿಳಿಗಳು

ಏಪ್ರಿಲ್–ಮೇ ತಿಂಗಳಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಕಿರುಕಣಿವೆ ರೋಡೊಡೆಂಡ್ರಾನ್ ಹೂಗಳಿಂದ ತುಂಬುತ್ತದೆ. 1848ರಿಂದ 1850ರವರೆಗೆ ಸಿಕ್ಕಿಂ ಹಿಮಾಲಯ ಸುತ್ತಿದ ಜೋಸೆಫ್ ಹುಕರ್ ಇದರ ಹಲವು ಪ್ರಭೇದಗಳ ಬೀಜಗಳನ್ನು ಇಲ್ಲಿಗೆ ಕಳುಹಿಸಿದರು. ಇಂದು ಅವು ಆಂಗ್ಲ ವಸಂತದ ಹೆಮ್ಮೆ.

ಅಲ್ಲೇ ಕೂಗುತ್ತ ಹಾರುವ ಹಸಿರು ಗಿಳಿಗಳ ಮೂಲ ಭಾರತ ಉಪಖಂಡ ಹಾಗೂ ಆಫ್ರಿಕ; ಪಂಜರದಿಂದ ಪಾರಾದವುಗಳ ಸಂತತಿ. ಅವುಗಳಿಗೆ ಮಾತ್ರ ‘ಪರಕೀಯ’ ಎಂಬ ಹಣೆಪಟ್ಟಿ. ಪೊಟರೆಗಾಗಿ ಸ್ಥಳೀಯ ಹಕ್ಕಿಗಳೊಡನೆ ಅವು ನಡೆಸುವ ಪೈಪೋಟಿ ಪರಿಶೀಲಿಸಬೇಕಾದ ಪ್ರಶ್ನೆಯೇ. ಆದರೆ ಬ್ರಿಟನ್ನಿನ ಕಾಡುಗಳನ್ನು ಉಸಿರುಗಟ್ಟಿಸುತ್ತಿರುವ ಪಾಂಟಿಕಮ್ ಕೂಡ ಒಂದು ರೋಡೊಡೆಂಡ್ರಾನ್. ಅದರ ಹಿಮಾಲಯದ ಬಂಧುಗಳು ಬಹುಪಾಲು ತೋಟದಲ್ಲೇ ಉಳಿದಿವೆ. ಹಾನಿಯನ್ನು ಅಳೆಯಬೇಕಾದುದು ನಡೆಯಿಂದ, ಹುಟ್ಟೂರಿನಿಂದಲ್ಲ.

ಲಂಡನ್ನಿನಲ್ಲಿ ‘ಪರಕೀಯ’ ಎಂಬ ಮಾತಿಗೆ ನೋಯುವ ಕನ್ನಡಿಗರು, ಬೆಂಗಳೂರಿನ ವಲಸೆ ಕಾರ್ಮಿಕರನ್ನು ‘ಹೊರಗಿನವರು’ ಎನ್ನುವ ಮುನ್ನ ಈ ಗಿಳಿಗಳತ್ತ ತಲೆಯೆತ್ತಿ ನೋಡಬೇಕು.