ಬಾಣ ಬಿಟ್ಟ ಮಾತ್ರಕ್ಕೆ ಬೇಟೆ ಮುಗಿಯುವುದಿಲ್ಲ

ಬಿಸ್ಮಿಲ್ಲಾಹ್ ಎಂದು ಬಾಣ ಬಿಟ್ಟರೆ ಹೊಣೆ ತೀರಿತು. ಜಿಂಕೆ ಸಿಕ್ಕಿದರೆ ಹಲಾಲ್, ಸಿಗದಿದ್ದರೆ ವಿಧಿ ಎನ್ನುವವರಿದ್ದಾರೆ. ನಮ್ಮ ದೇಶದಲ್ಲಿ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿ ಈ ಪ್ರಶ್ನೆಯೇ ಏಳದು. ಆದರೆ ಅಮೆರಿಕದಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಯಾಡಬಹುದು, ಅಲ್ಲಿನ ಮುಸ್ಲಿಮರೂ ಆಡುತ್ತಾರೆ. ಅಂಥವರು ಈ ಮಾತಿಗೆ ಧರ್ಮದ ಮುದ್ರೆಯೊತ್ತಿದರೆ ನಾವು ಒಪ್ಪಲಾರೆವು.

ತಯ್ಯಿ ಗೋತ್ರದ ಅದಿಯ್ಯ್ ಬಿನ್ ಹಾತಿಮ್(ರ) ಸ್ವತಃ ಬೇಟೆಗಾರರು. ಬಾಣ ತಗುಲಿದ ಪ್ರಾಣಿಯ ಜಾಡನ್ನು ಎರಡು ಮೂರು ದಿನ ಅರಸಿದ ಬಳಿಕ ಅದು ಸತ್ತು ಸಿಕ್ಕಿದರೇನು ಎಂದು ಅವರು ಪ್ರವಾದಿಯವರಲ್ಲಿ(ಸ) ಕೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಅದರಲ್ಲಿ ನಿಮ್ಮ ಬಾಣದ ಗುರುತಷ್ಟೇ ಇದ್ದರೆ ತಿನ್ನಬಹುದು, ನೀರಿಗೆ ಬಿದ್ದಿದ್ದರೆ ಕೂಡದು ಎಂಬ ಉತ್ತರ ದೊರೆಯಿತು. ಕೊಂದದ್ದು ಬಾಣವೋ ನೀರೋ ಎಂಬ ಸಂಶಯವೇ ಇದಕ್ಕೆ ಕಾರಣ. ಅನುಮತಿಯನ್ನು ಮಾತ್ರ ಎತ್ತಿ ಹೇಳುವವರು ಪ್ರಶ್ನೆಯನ್ನು ಮರೆಯುತ್ತಾರೆ: ಕೇಳಿದವರು ದಿನಗಟ್ಟಲೆ ಜಾಡು ಹಿಡಿದು ಅಲೆದವರು! ಹನಫೀ ವಿದ್ವಾಂಸರಂತೂ ಹುಡುಕಾಟ ಬಿಟ್ಟು ಕುಳಿತವನಿಗೆ ಆಮೇಲೆ ಸತ್ತು ಸಿಕ್ಕಿದ ಬೇಟೆ ಸಲ್ಲದೆಂದರು.

ಹಾಗಾದರೆ ಬಾಣ ಬಿಟ್ಟೊಡನೆ ಓಡಬೇಕೇ? ಬೇಡ. ನುರಿತವರು ಮೊದಲು ಬಾಣವನ್ನು ನೋಡುತ್ತಾರೆ. ನೊರೆಗೂಡಿದ ಕೆಂಪು ನೆತ್ತರಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಅರ್ಧ ಗಂಟೆಯ ಬಳಿಕ ಹೊರಡಬಹುದು. ಹಸಿರು ಕಲಸಿ ದುರ್ವಾಸನೆ ಬಂದರೆ ಹೊಟ್ಟೆಯ ಪೆಟ್ಟು. ಆಗ ಆರೆಂಟು ಗಂಟೆ ಕಾಯಬೇಕು. ಬೆನ್ನಟ್ಟಿದರೆ ಗಾಯಗೊಂಡ ಜಿಂಕೆ ಮಲಗಿದಲ್ಲಿಂದೆದ್ದು ಮೈಲುಗಟ್ಟಲೆ ಓಡೀತು, ನೆತ್ತರ ಜಾಡೂ ಅಳಿದೀತು. ಹೀಗೆ ಕಾಯುವುದು ಹುಡುಕಾಟದ ಭಾಗವೇ ಎಂಬುದು ನಮ್ಮ ನಿಲುವು. ಮನೆಗೆ ಹೋಗಿ ಮರೆತು ಮಲಗುವುದು ಬೇರೆ.

ಕಾಡಿನ ಮೃಗಗಳು ತಿಂದಾವು, ವ್ಯರ್ಥವೇನಾಯಿತು ಎನ್ನುವವರೂ ಉಂಟು. ಪ್ರಶ್ನೆ ಮಾಂಸದ್ದಲ್ಲ, ನರಳುವ ಜೀವದ್ದು. ಝಬಹ್ ಮಾಡುವಾಗ ಕತ್ತಿ ಮಸೆದು ಪ್ರಾಣಿಯ ಯಾತನೆ ತಗ್ಗಿಸಬೇಕೆಂದ ಪ್ರವಾದಿಯವರ(ಸ) ಅನುಯಾಯಿಗಳು ಪೊದೆಯಲ್ಲಿ ಎರಡು ದಿನ ನರಳುವ ಜಿಂಕೆಯನ್ನು ವಿಧಿಗೆ ಒಪ್ಪಿಸುವುದೆಂತು? ಜೀವ ಸ್ಥಿರವಾಗಿರುವಾಗಲೇ ಅದು ಕೈಗೆ ಸಿಕ್ಕಿದರೆ ಝಬಹ್ ಕಡ್ಡಾಯ. ಹರಿತವಾದ ಕತ್ತಿಯಿಲ್ಲದೆ ಹೋಗುವುದೇ ತಪ್ಪು. ಜಾಡು ನೆರೆಯವನ ಬೇಲಿ ದಾಟಿದ್ದರೆ, ಕತ್ತಲಾಗಿದ್ದರೂ ಅವನ ಬಾಗಿಲು ತಟ್ಟಿ ಅನುಮತಿ ಕೇಳಬೇಕು. ಅದಕ್ಕೆ ಸಂಕೋಚಪಡುವವನು ಬಿಲ್ಲನ್ನು ಮನೆಯಲ್ಲೇ ಇಟ್ಟು ಮಾಂಸವನ್ನು ಅಂಗಡಿಯಿಂದ ತರಲಿ.