ಸುಂಕದ ಕಟ್ಟೆಯಲ್ಲಿ ಮಾತ್ರ ಸಮಾನತೆಯೇ?

ಬಿಹಾರದ ರಕ್ಸೌಲ್‌ನಿಂದ ಒಂದು ಸೇತುವೆ ದಾಟಿದರೆ ನೇಪಾಳ. ನಮ್ಮ ದೇಶದಲ್ಲೇ ತಯಾರಾದ ಪೆಟ್ರೋಲ್ ಕಾರಿನ ಬೆಲೆ ಆಚೆ ದಡದಲ್ಲಿ ಎರಡು ಪಟ್ಟಿಗೂ ಮಿಗಿಲು. ಕಬ್ಬಿಣ ಅದೇ, ದುಡಿದ ಕೈ ಅದೇ. ನಡುವೆ ಕುಳಿತದ್ದು ಸುಂಕದ ಕಟ್ಟೆ. ಶ್ರೀಲಂಕೆಯಂತೂ ವಿದೇಶಿ ಹಣ ಉಳಿಸಲು 2020ರಲ್ಲಿ ವಾಹನಗಳ ಆಮದನ್ನೇ ನಿಲ್ಲಿಸಿತು. ಖಾಸಗಿ ಕಾರುಗಳಿಗೆ ಮತ್ತೆ ಬಾಗಿಲು ತೆರೆದದ್ದು 2025ರಲ್ಲಿ, ಅದೂ ಭಾರೀ ಸುಂಕದೊಡನೆ.

ರಾಣೇಬೆನ್ನೂರಿನ ಗಿರಣಿ ಕಾರ್ಮಿಕನಿಗೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಚಿಲ್ಲರೆ ವ್ಯಾಪಾರಿಗೆ ಈ ಕಾರಿನ ಕತೆ ಏತಕ್ಕೆ? ಏತಕ್ಕೆಂದರೆ, ಬೆಲೆಯನ್ನು ಕಟ್ಟುವುದು ಕಾರ್ಖಾನೆಯೊಂದೇ ಅಲ್ಲ, ಸರಕಾರವೂ ಕಟ್ಟುತ್ತದೆ. ಯಾರ ಹೆಗಲಿಗೆ ಎಷ್ಟು ಹೊರೆ ಎಂಬುದನ್ನೂ ಅದೇ ನಿಶ್ಚಯಿಸುತ್ತದೆ.

ನಮ್ಮ ರಾಜ್ಯದ ರಸ್ತೆ ತೆರಿಗೆಯ ಪಟ್ಟಿಯನ್ನೇ ನೋಡಿರಿ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇಕಡಾ 18. ಒಂದು ಲಕ್ಷ ಮೀರಿದ ಪೆಟ್ರೋಲ್ ಬೈಕಿಗೂ ಶೇಕಡಾ 18! ಐದು ಲಕ್ಷದೊಳಗಿನ ಕಾರಿಗೆ ಮಾತ್ರ 13. 1,10,000 ರೂಪಾಯಿಯ ಬೈಕಿಗೆ ತೆರಿಗೆ 19,800. ಅದರ ಮೇಲೆ ಶೇಕಡಾ 11ರ ಸೆಸ್ ಸೇರಿ 21,978 ರೂಪಾಯಿ. ಪಾಳಿಗೆ ಹೋಗಲು, ಚೀಲ ಹೇರಲು ಕೊಂಡ ಗಾಡಿಗೆ ಮೆರೆದಾಟದ ಕಾರಿನ ದರ!

ಕೇಂದ್ರ ಸರಕಾರ 2025ರ ಸೆಪ್ಟೆಂಬರಿನಲ್ಲಿ 350 ಸಿ.ಸಿ.ವರೆಗಿನ ಬೈಕುಗಳ ಜಿ.ಎಸ್.ಟಿ.ಯನ್ನು 28ರಿಂದ 18ಕ್ಕೆ ಇಳಿಸಿತು. ರಾಜ್ಯವೇಕೆ ಸುಮ್ಮನಿರಬೇಕು? ಬೊಕ್ಕಸಕ್ಕೆ ಹಣ ಬೇಕು ನಿಜ. ಅದನ್ನು ಉಳ್ಳವನ ಕಾರಿನಿಂದ ಎತ್ತಲಿ. ದುಡಿಯುವವನ ಬೈಕಿಗೆ ಶೇಕಡಾ 10 ಮೀರಕೂಡದು. ಹಾವೇರಿಯಿಂದಲೇ ಈ ಕೂಗು ಏಳಲಿ. ಸಂಬಳದಲ್ಲಿ ಇಲ್ಲದ ಸಮಾನತೆ ಸುಂಕದಲ್ಲಿ ಮಾತ್ರ ನಮಗೆ ಬೇಡ!