ಪೊಂಗಲ್ ರಜೆಯಲ್ಲಿ ಕಳೆದುಹೋಗುವ ಕಾರ್ಯಪ್ಪ

ಚೆನ್ನೈನಲ್ಲಿ ಜನವರಿ 15 ಎಂದರೆ ಪೊಂಗಲ್ ರಜೆ. ಓಎಂಆರ್ ರಸ್ತೆ ಖಾಲಿ, ಆಫೀಸೂ ಖಾಲಿ. ಊರಿಗೆ ಬಸ್ ಟಿಕೆಟ್ ಸಿಗದ ನನ್ನಂಥವರ ಪಾಲಿಗೆ ಆನ್-ಕಾಲ್ ಡ್ಯೂಟಿ. ಕಳೆದ ಸಂಕ್ರಾಂತಿಯಲ್ಲಿ ಹಾಗೆ ಹೋದಾಗ, ಗೇಟಿನ ಸೆಕ್ಯುರಿಟಿಯವರು ಅಂಗಿ ಜೇಬಿಗೆ ಪುಟ್ಟ ತ್ರಿವರ್ಣ ಧ್ವಜ ಸಿಕ್ಕಿಸಿಕೊಂಡು ನಿಂತಿದ್ದರು. ಹಾಸನದ ಕಡೆಯವರು, ನಾನು ಅಮ್ಮನೊಂದಿಗೆ ಫೋನಿನಲ್ಲಿ ಆಡುತ್ತಿದ್ದ ಕನ್ನಡ ಕೇಳಿ ಪರಿಚಯವಾದವರು. ಏನು ವಿಶೇಷ ಅಂದೆ. “ಆರ್ಮಿ ಡೇ ಅಲ್ವಾ ಸಾರ್, ನಮ್ಮ ಕಾರ್ಯಪ್ಪನವರ ದಿನ” ಅಂದರು. ಎಂಟೆಕ್ ಓದಿದ ನನಗೆ ಅದು ನೆನಪೇ ಇರಲಿಲ್ಲ.

1949ರ ಜನವರಿ 15ರಂದು ಬ್ರಿಟಿಷ್ ಅಧಿಕಾರಿ ಜನರಲ್ ರಾಯ್ ಬುಚರ್ ಅವರಿಂದ ಸೇನೆಯ ಹೊಣೆ ವಹಿಸಿಕೊಂಡು ಕೆ.ಎಂ. ಕಾರ್ಯಪ್ಪ ಮೊದಲ ಭಾರತೀಯ ಮಹಾದಂಡನಾಯಕರಾದರು. ಶನಿವಾರಸಂತೆಯಲ್ಲಿ ಹುಟ್ಟಿ ಮಡಿಕೇರಿಯಲ್ಲಿ ಓದಿದ ಆ ಹುಡುಗ ಮುಂದಿನ ಓದಿಗೆ ಬಂದದ್ದು ಇದೇ ಚೆನ್ನೈಗೆ, ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿಗೆ. ಅಲ್ಲಿಂದ ಇಂದೋರ್‌ಗೆ ತರಬೇತಿಗೆ ಹೋಗಿ 1919ರಲ್ಲಿ ಸೇನಾಧಿಕಾರಿಯಾದರು. ಕೆಲಸ ಅರಸಿ ಈ ಊರಿಗೆ ಬಂದ ನಾವು ಭಾನುವಾರ ಬೀಚಿಗೆ ಹೋಗುವಾಗ ಆ ಕೆಂಪು ಕಟ್ಟಡದ ಮುಂದೆಯೇ ಹಾದುಹೋಗುತ್ತೇವೆ.

ಕಾರ್ಯಪ್ಪನವರನ್ನು ನಾವು 1949ಕ್ಕೇ ನಿಲ್ಲಿಸಿಬಿಡುತ್ತೇವೆ ಎನ್ನುವುದು ನನ್ನ ತಕರಾರು. 1953ರಲ್ಲಿ ನಿವೃತ್ತರಾದ ಮೇಲೆ ಅವರು 40 ವರ್ಷ ಬದುಕಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೈಕಮಿಷನರ್ ಆಗಿದ್ದು ಬಂದು ಮಡಿಕೇರಿಯ ‘ರೋಶನಾರಾ’ದಲ್ಲಿ ನೆಲೆಸಿದರು. 1965ರ ಯುದ್ಧದಲ್ಲಿ ಪೈಲಟ್ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕಾಗ, ಹಿಂದೆ ತಮ್ಮ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಬಿಡುಗಡೆಯ ಮಾತೆತ್ತಿದರೂ ಒಪ್ಪಲಿಲ್ಲ. ಉಳಿದ ಸೆರೆಯಾಳುಗಳಿಗಿಲ್ಲದ ರಿಯಾಯಿತಿ ತಮ್ಮ ಮಗನಿಗೆ ಬೇಡವೆಂದರು. ಈ ಕತೆ ಎಲ್ಲರಿಗೂ ಗೊತ್ತು. ಮಾಜಿ ಸೈನಿಕರಿಗಾಗಿ 1964ರಲ್ಲಿ ಸಂಘಟನೆ ಕಟ್ಟಿದ್ದು, ಅವರ ಬದುಕಿನ ಬಗ್ಗೆ ಕೊನೆಯವರೆಗೂ ತಲೆ ಕೆಡಿಸಿಕೊಂಡದ್ದು ಮಾತ್ರ ಯಾರ ಭಾಷಣದಲ್ಲೂ ಬರುವುದಿಲ್ಲ. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ಅವರು 80 ದಾಟಿ ಎಷ್ಟೋ ವರ್ಷವಾದ ಮೇಲೆ. ಅದೂ ಸ್ವಲ್ಪ ತಡವೇ.

ಅಂದು ಗೇಟಿನಲ್ಲಿ ಮಾತು ಬೆಳೆಯಿತು. ಅವರು ಸಿಗ್ನಲ್ಸ್‌ನಲ್ಲಿ 17 ವರ್ಷ ಇದ್ದವರು. ಹಿಮ ಬೀಳುವ ಗುಡ್ಡಗಳಲ್ಲಿ ಸಂಪರ್ಕ ಕಡಿಯದಂತೆ ನೋಡಿಕೊಂಡವರು. ನಿವೃತ್ತರಾದಾಗ ವಯಸ್ಸು ನನ್ನಷ್ಟೇ, 36. ನನ್ನ ಕೆರಿಯರ್ ಈಗ ಕುದುರುತ್ತಿದೆ ಎಂದುಕೊಳ್ಳುವ ವಯಸ್ಸಿಗೆ ಸಿಪಾಯಿಯೊಬ್ಬ ಪಿಂಚಣಿ ಹಿಡಿದು ಹೊರಗೆ ಬಂದು, ಇನ್ನೊಂದು ಕೆಲಸ ಹುಡುಕಬೇಕು. ಇಬ್ಬರು ಮಕ್ಕಳ ಫೀಸು, ಊರಿನ ಮನೆಯ ಸಾಲ. ಈಗ ರಿಜಿಸ್ಟರಿನಲ್ಲಿ ವಾಹನಗಳ ನಂಬರ್ ಬರೆಯುತ್ತಾರೆ.

ನಮ್ಮ ನೆಟ್‌ವರ್ಕ್ ತಂಡದಲ್ಲಿ ಜಾಗ ಖಾಲಿಯಿತ್ತು. ಅವರ ರೆಸ್ಯೂಮೆ ತಯಾರಿಸಿ ರೆಫರಲ್ ಹಾಕಲು ಕುಳಿತೆ. ಪದವಿ ತುಂಬದೆ ಫಾರ್ಮ್ ಮುಂದಕ್ಕೇ ಹೋಗಲಿಲ್ಲ. ಆ ಕಾಲಂ ಕಡ್ಡಾಯ. ಅಂಥ ಫಾರ್ಮುಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಕಾಲಂ ಕಡ್ಡಾಯ ಮಾಡುವುದು ಒಂದೇ ಸಾಲಿನ ಕೋಡ್. ಅದರಾಚೆ ಯಾರು ನಿಂತಿರುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಎಚ್‌ಆರ್‌ನವರಿಗೆ ಹೇಳಿದೆ. ನೀತಿ ಅಂದರು. ಮತ್ತೆ ಹೇಳಿದೆ. ಸೇನೆಯ ತಾಂತ್ರಿಕ ಅನುಭವವನ್ನು ಪದವಿಯ ಬದಲು ಪರಿಗಣಿಸಬಹುದೇ ಎಂದು ನೋಡುತ್ತೇವೆ ಅಂದಿದ್ದಾರೆ. ನಿಮ್ಮಲ್ಲಿ ನೇಮಕಾತಿಗೆ ಕೂರುವವರು, ಫಾರ್ಮು ಬರೆಯುವವರು ಬಹಳ ಮಂದಿ ಇದ್ದೀರಿ. ನಿಮ್ಮ ಕಂಪನಿಯಲ್ಲೂ ಈ ಮಾತೆತ್ತಿ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಸೇರುವ ಹೊರನಾಡ ಕನ್ನಡ ಸಂಘಗಳು ಊರಲ್ಲಿರುವ ಕನ್ನಡದ ಮಾಜಿ ಸೈನಿಕರನ್ನು ಕರೆಯಲಿ. ಹಾರ ಹಾಕಿ ಕಳಿಸಲು ಅಲ್ಲ. ಅವರಿಗೆ ಯಾವ ಕೆಲಸ ಬರುತ್ತದೆಂದು ಕೇಳಿ, ಕೆಲಸ ಕೊಡಬಲ್ಲವರ ಪಕ್ಕ ಕೂರಿಸಲು.

ಮೊನ್ನೆ ಬೆಳಿಗ್ಗೆ ಗೇಟಿನಲ್ಲಿ ಅವರು ಕೇಳಿದರು: “ಆ ಫಾರ್ಮ್ ಏನಾದ್ರೂ ಓಪನ್ ಆಯ್ತಾ ಸಾರ್?” ಇನ್ನೂ ಇಲ್ಲ ಅಂದೆ.